ಕೆಂಪು ನೆಲದ ಮೆಕ್ಕೆಜೋಳ: 2025ರ ಮುಂಗಾರಿನ ಲೆಕ್ಕ

ದಾವಣಗೆರೆ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ನೀರು ಹತ್ತದ ದಿಬ್ಬದ ಮೇಲಿನ ಕೆಂಪು ನೆಲ ನಮ್ಮದು. ನಾಲೆಯ ಕೆಳಗಿನ ಊರಿನವರು ಭತ್ತ ನಾಟಿ ಮಾಡುತ್ತಾರೆ, ಇತ್ತೀಚೆಗೆ ಅಡಿಕೆಯನ್ನೂ ಹಚ್ಚುತ್ತಿದ್ದಾರೆ. ಮೇಲಿನ ನಾವು ಮಳೆಯನ್ನೇ ನೆಚ್ಚಿ ಬಿತ್ತುವವರು. ನಮ್ಮ ತಂದೆಯವರ ಕಾಲದಲ್ಲಿ ಇದೇ ಹೊಲದಲ್ಲಿ ಹತ್ತಿ, ಬಿಳಿಜೋಳ, ಶೇಂಗಾ ಸರದಿಯ ಮೇಲೆ ಬರುತ್ತಿದ್ದವು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಹತ್ತಿಗೆ ಕಾಯಿಕೊರಕದ ಹಾವಳಿ ಹೆಚ್ಚಿತು, ಬಿಡಿಸುವ ಕೂಲಿ ಏರಿತು, ಆ ಜಾಗಕ್ಕೆ ಮೆಕ್ಕೆಜೋಳ ಬಂದು ಕೂತಿತು. ಈಗ ನಮ್ಮ ಜಿಲ್ಲೆಯಲ್ಲಾಗಲಿ, ಪಕ್ಕದ ಹಾವೇರಿಯಲ್ಲಾಗಲಿ, ಮುಂಗಾರಿನ ಮಳೆಯಾಶ್ರಿತ ಹೊಲಗಳಲ್ಲಿ ಬೇರೆ ಬೆಳೆಯನ್ನು ಹುಡುಕಿ ನೋಡಬೇಕು.

ಇದು ಉಣ್ಣಲು ಬೆಳೆಯುವ ಬೆಳೆಯಲ್ಲ. ನಮ್ಮ ಮನೆಯ ರೊಟ್ಟಿಗೆ ಇವತ್ತಿಗೂ ಬಿಳಿಜೋಳವೇ ಬೇಕು. ಮೆಕ್ಕೆಜೋಳದ ಕಾಳೆಲ್ಲ ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚಿನ ವರ್ಷಗಳಲ್ಲಿ ಎಥನಾಲಿಗೆ ಹೋಗುತ್ತದೆ. ಬಿತ್ತುವ ದಿನವೇ ಅದು ಮಾರುವ ಮಾಲು, ಆದ್ದರಿಂದ ಅದರ ಪ್ರತಿ ಹಂತವನ್ನೂ ಮಾರುವವನ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಸುಲಭದ ಬೆಳೆ ಎಂದು ಇದನ್ನು ಹೇಳುವವರಿದ್ದಾರೆ, ಬೆಳೆಯುವ ಮಟ್ಟಿಗೆ ಆ ಮಾತು ಸುಳ್ಳೂ ಅಲ್ಲ. ಆದರೆ ಲಾಭ ನಷ್ಟಗಳು ತೀರ್ಮಾನವಾಗುವುದು ಎರಡೇ ಕಡೆ: ಆಗಸ್ಟಿನಲ್ಲಿ ಸೂಲಂಗಿ, ಎಂದರೆ ಗಿಡದ ತುದಿಯ ಗಂಡು ಹೂವು, ಬರುವ ಹೊತ್ತಿಗೆ ಬೇರಿನ ಬುಡದಲ್ಲಿ ನೀರಿತ್ತೇ, ಅಕ್ಟೋಬರಿನಲ್ಲಿ ಕಾಳಿನೊಳಗಿನ ನೀರು ಹೊರಗೆ ಹೋಯಿತೇ. ಉಳಿದ ಕೆಲಸವೆಲ್ಲ ಈ ಎರಡಕ್ಕೆ ತಯಾರಿ ಎಂಬುದು ಹಲವು ಹಂಗಾಮುಗಳ ನಂತರ ನನಗೆ ಖಚಿತವಾದ ಸಂಗತಿ.

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಕಾಲಿಟ್ಟಿತ್ತು. 2009ರ ನಂತರ ಅದು ಅಷ್ಟು ಬೇಗ ಬಂದಿರಲಿಲ್ಲ. ನಮ್ಮಲ್ಲಿಯೂ ಮೇ ತಿಂಗಳಲ್ಲೇ ನೆಲ ಹದವಾಗಿ, ಅಕ್ಕಪಕ್ಕದ ಕೆಲವರು ರೋಹಿಣಿ ಮಳೆಗೇ ಬಿತ್ತಿ ಮುಗಿಸಿದರು. ನಾನು ತಡೆದೆ. ಮೇ ಕೊನೆಯಲ್ಲಿ ಬಿತ್ತಿದ ಬೆಳೆ ಸೆಪ್ಟೆಂಬರ್ ಮಧ್ಯದಲ್ಲಿ, ಉತ್ತರೆ ಮಳೆ ಹೊಡೆಯುವ ಹೊತ್ತಿಗೆ ಸರಿಯಾಗಿ ಕಟಾವಿಗೆ ಬರುತ್ತದೆ, ಆಗ ತೆನೆ ಒಣಗಿಸಲು ಬಿಸಿಲೆಂಬುದೇ ಸಿಕ್ಕುವುದಿಲ್ಲ. ಹಾಗೆಂದು ಜುಲೈ ಮಧ್ಯದವರೆಗೆ ಕಾದರೆ ಹುಳುವೂ ರೋಗವೂ ಎಳೆಯ ಸಸಿಯನ್ನೇ ಹಿಡಿಯುತ್ತವೆ. ಮೃಗಶಿರದ ಎರಡನೆಯ ವಾರ, ಎಂದರೆ ಜೂನ್ ಮಧ್ಯ, ನನಗೆ ಒಗ್ಗಿದ ಕಾಲ. ಸ್ವಂತ ಹೊಲವನ್ನು ಆಗ ಬಿತ್ತಿದೆ. ಗುತ್ತಿಗೆಗೆ ಹಿಡಿದ ಪಕ್ಕದ ಹೊಲದ ಮಾತುಕತೆ ಮುಗಿಯುವುದು ತಡವಾಗಿ, ಅಲ್ಲಿ ಬೀಜ ಬಿದ್ದದ್ದು ಆರಿದ್ರ ಮಳೆ ಮುಗಿಯುವ ಹೊತ್ತಿಗೆ, ಎಂದರೆ ಜುಲೈ ಮೊದಲ ವಾರದಲ್ಲಿ. ಒಂದೇ ಬೀಜ, ಒಂದೇ ಗೊಬ್ಬರ, ಬದುವಿನ ಆಚೆ ಈಚೆಯ ಒಂದೇ ಮಣ್ಣು. ಮುಖ್ಯವಾಗಿ ಬೇರೆಯಾದದ್ದು ಬಿತ್ತಿದ ದಿನ. ಅದರಿಂದಾದ ವ್ಯತ್ಯಾಸವನ್ನು ಮುಂದೆ ಹೇಳುತ್ತೇನೆ.

ಬೀಜದ ವಿಷಯದಲ್ಲಿ ನಮ್ಮ ಭಾಗದವರೆಲ್ಲ ಹೈಬ್ರಿಡ್ ಬೀಜಕ್ಕೇ ಸಂದವರು. ಮಂಡ್ಯದ ವಿ.ಸಿ. ಫಾರಂನಿಂದ ಹೇಮಾ, ನಿತ್ಯಶ್ರೀಯಂಥ ಒಳ್ಳೆಯ ಸಂಕರಣ ತಳಿಗಳು ಬಂದಿವೆ, ಆದರೆ ಅಂಗಡಿಗೆ ಹೋದ ರೈತನ ಕೈಗೆ ಸಿಗುವುದು ಬಹುಪಾಲು ಖಾಸಗಿ ಕಂಪನಿಗಳ ನಾಲ್ಕು ಕೆಜಿಯ ಚೀಲ. ಎಕರೆಗೆ ಎರಡು ಚೀಲ, ಎಂದರೆ 8 ಕೆಜಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಟ್ಟರೆ ಎಕರೆಗೆ ಲೆಕ್ಕದ ಪ್ರಕಾರ ಸುಮಾರು 33,700 ಗಿಡ ಕೂರಬೇಕು. ಹುಟ್ಟದ ಬೀಜ, ಹಕ್ಕಿ ಕಿತ್ತದ್ದು, ಸಾಲಿನ ನಡುವೆ ಹೊಡೆಯುವ ಎಡೆಕುಂಟೆಗೆ ಸಿಕ್ಕದ್ದು ಕಳೆದರೆ 28,000 ಉಳಿದರೂ ನಾನು ತೃಪ್ತ. ಒಂದು ತೆನೆಗೆ 80 ಗ್ರಾಂ ಕಾಳು ಎಂದರೂ ಅದು 22 ಕ್ವಿಂಟಲ್ ಆಯಿತು. ಇಳುವರಿಯ ಈ ಸರಳ ಗುಣಾಕಾರವನ್ನು ಬಿತ್ತುವ ಮುಂಚೆ ಮಾಡಿಕೊಳ್ಳುವವರು ಕಡಿಮೆ. ಚೀಲದ ಮೇಲಿನ ದಪ್ಪ ತೆನೆಯ ಚಿತ್ರ ನೋಡಿ ನಂಬುವವರು ಹೆಚ್ಚು. ತೆನೆ ಎಷ್ಟು ದಪ್ಪ ಎಂಬುದಕ್ಕಿಂತ ಎಕರೆಯಲ್ಲಿ ಎಷ್ಟು ತೆನೆ ನಿಂತಿವೆ ಎಂಬುದು ದೊಡ್ಡ ಮಾತು. ಟ್ರ್ಯಾಕ್ಟರಿನ ಕೂರಿಗೆ ಬೀಜವನ್ನು ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಖಾಲಿಯಾಗಿ ಬಿಡುವುದರಿಂದ, ಕೂಲಿ ಹೆಚ್ಚಾದರೂ ಸಾಲು ಹೊಡೆಸಿ ಹೆಣ್ಣಾಳುಗಳಿಂದ ಕೈಯಲ್ಲೇ ಬೀಜ ಹಾಕಿಸುತ್ತೇನೆ.

ಗೊಬ್ಬರಕ್ಕೆ ನಾನು ಅನುಸರಿಸುವುದು ಮಳೆಯಾಶ್ರಿತ ಬೆಳೆಗೆ ಹೇಳುವ ಪ್ರಮಾಣ: ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 25 ಕೆಜಿ. ಎಕರೆಗೆ ಇಳಿಸಿದರೆ 40, 20, 10. ಬಿತ್ತುವಾಗ ಒಂದು ಚೀಲ ಡಿಎಪಿ ಹಾಕಿದರೆ ರಂಜಕ ಪೂರ್ತಿಯಾಗುತ್ತದೆ, ಸಾರಜನಕದಲ್ಲಿ 9 ಕೆಜಿ ಬರುತ್ತದೆ. ಉಳಿದ ಸಾರಜನಕಕ್ಕೆ ಒಂದೂವರೆ ಚೀಲ ಯೂರಿಯಾ ಬೇಕು, ಅದನ್ನು ತಿಂಗಳ ಬೆಳೆಗೆ ಅರ್ಧ, ಸೂಲಂಗಿಗೆ ಮುಂಚೆ ಅರ್ಧ ಎಂದು ಎರಡು ಕಂತಿನಲ್ಲಿ ಕೊಡುತ್ತೇನೆ. ಸತುವಿನ ಕೊರತೆಯಿದ್ದರೆ ಎಳೆಯ ಎಲೆಗಳಲ್ಲಿ ಬಿಳಿ ಪಟ್ಟೆ ಬೀಳುತ್ತದೆ. ಜಿಂಕ್ ಸಲ್ಫೇಟನ್ನು ಹಾಕುವುದಿದ್ದರೆ ಡಿಎಪಿಯ ಜೊತೆ ಕಲಸದೆ ಬೇರೆಯಾಗಿ ಹಾಕಬೇಕು, ಎರಡೂ ಸೇರಿದರೆ ಗಿಡಕ್ಕೆ ದಕ್ಕದ ರೂಪಕ್ಕೆ ತಿರುಗುತ್ತವೆ. 45 ಕೆಜಿಯ ಯೂರಿಯಾ ಚೀಲದ ಸರ್ಕಾರಿ ಬೆಲೆ ಚೀಲಕ್ಕೆ ಅಂಟಿಸಿದಂತೆ 266 ರೂಪಾಯಿ 50 ಪೈಸೆ. ಆದರೆ 2025ರ ಜುಲೈಯಲ್ಲಿ ರಾಜ್ಯದ ಬಹುಕಡೆ ಯೂರಿಯಾಕ್ಕೆ ಸಾಲು ನಿಲ್ಲಬೇಕಾಯಿತು. ಬೆಲೆ ಕಡಿಮೆಯಿದ್ದು ಮಾಲು ಇಲ್ಲದಿರುವುದು, ಬೆಲೆ ಹೆಚ್ಚಿರುವುದಕ್ಕಿಂತ ಕೆಟ್ಟದ್ದು. ತಿಂಗಳ ಬೆಳೆಗೆ ಬೀಳಬೇಕಾದ ಮೊದಲ ಕಂತು ಗುತ್ತಿಗೆ ಹೊಲದಲ್ಲಿ ಹತ್ತು ದಿನಕ್ಕೂ ಹೆಚ್ಚು ತಡವಾಯಿತು, ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಉದ್ದಕ್ಕೆ ಹಳದಿಗಟ್ಟಿ ಅದನ್ನು ಎಲ್ಲರಿಗೂ ಕಾಣುವಂತೆ ಸಾರಿದವು.

ಕಳೆಗೆ ಈಗ ಔಷಧವೇ ಗತಿ, ಆಳಿನ ಕೊರತೆ ಅಷ್ಟಿದೆ. ಬಿತ್ತಿದ ಎರಡು ಮೂರು ದಿನದೊಳಗೆ ನೆಲ ಹಸಿಯಿರುವಾಗಲೇ ಅಟ್ರಜಿನ್ ಹೊಡೆಯುವುದು ರೂಢಿ. ತಪ್ಪಿದರೆ ಕಳೆ ಎರಡು ನಾಲ್ಕು ಎಲೆಯಲ್ಲಿರುವಾಗ ಟೆಂಬೋಟ್ರಿಯೋನ್. ನಾನು ಸ್ವಂತ ಹೊಲದಲ್ಲಿ ತೊಗರಿಯನ್ನು ಅಕ್ಕಡಿಯಾಗಿ, ಎಂದರೆ ನಡುನಡುವೆ ಬೇರೆ ಸಾಲಾಗಿ, ಹಾಕುವುದರಿಂದ ಅಲ್ಲಿ ಅಟ್ರಜಿನ್ ಸಲ್ಲದು, ಅದು ತೊಗರಿಯನ್ನು ಸುಡುತ್ತದೆ. ಅಲ್ಲಿ ಪೆಂಡಿಮೆಥಾಲಿನ್ ಹೊಡೆದು, ಬಾಕಿ ಕಳೆಯನ್ನು ಎಡೆಕುಂಟೆಗೆ ಬಿಡುತ್ತೇನೆ. ಎತ್ತಿನ ಎಡೆಕುಂಟೆ ಹೊಡೆಸಿದ ಹೊಲದಲ್ಲಿ ಗಿಡದ ಬುಡಕ್ಕೆ ಮಣ್ಣೇರಿ, ಆಗಸ್ಟಿನ ಗಾಳಿಗೆ ಗಿಡ ಮಲಗುವುದು ಕಡಿಮೆಯಾಗುತ್ತದೆ. ಔಷಧದ ಹೊಲಕ್ಕೆ ಈ ಲಾಭ ಇಲ್ಲ.

ಲದ್ದಿ ಹುಳುವಿನ ಕಥೆ ನಮ್ಮ ಭಾಗದವರಿಗೆ ಸ್ವಲ್ಪ ಸ್ವಂತದ್ದು. ಅಮೆರಿಕ ಖಂಡದ ಈ ಸೈನಿಕ ಹುಳು ಆಫ್ರಿಕಾ ದಾಟಿ ಭಾರತಕ್ಕೆ ಬಂದಾಗ ಅದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಮೆಕ್ಕೆಜೋಳದ ಹೊಲದಲ್ಲಿ. ಆ ವರ್ಷದ ಮುಂಗಾರಿನಲ್ಲೇ ಅದು ನಮ್ಮ ಹೊಲಕ್ಕೂ ಬಂದಿತ್ತು. ಅದಕ್ಕೂ ಹಿಂದೆ ಮೆಕ್ಕೆಜೋಳಕ್ಕೆ ಕೀಟನಾಶಕ ಹೊಡೆಯುವವರನ್ನು ನಾನು ನೋಡಿರಲಿಲ್ಲ ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಕಡೆಗೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಇಷ್ಟು ನೋಡಿದರೆ ಗುರುತು ಸಾಕು. ಮೊದಲು ಎಲೆಯ ಹಸಿರನ್ನಷ್ಟೇ ಕೆರೆದು ಗಾಜಿನ ಕಿಂಡಿಯಂಥ ಬಿಳಿ ಮಚ್ಚೆ ಮಾಡುತ್ತದೆ, ಆಮೇಲೆ ಸುಳಿಯೊಳಗೆ ಇಳಿದು ಕೂತು, ಮೇಲೆ ಮರದ ಪುಡಿಯಂಥ ಲದ್ದಿ ತುಂಬುತ್ತದೆ. ಲದ್ದಿ ಕಂಡ ಮೇಲೆ ಹೊಡೆದರೆ ಔಷಧ ಹುಳುವಿಗೆ ತಲುಪುವುದಿಲ್ಲ, ತನ್ನ ಲದ್ದಿಯನ್ನೇ ಅದು ಚಾವಣಿ ಮಾಡಿಕೊಂಡಿರುತ್ತದೆ. ಬಿಳಿ ಮಚ್ಚೆ ಕಂಡ ಹಂತದಲ್ಲೇ ಹಿಡಿಯಬೇಕು.

ಅದಕ್ಕಾಗಿ ಬೆಳೆ ಎರಡು ವಾರವಾದಂದಿನಿಂದ ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನೂರರಲ್ಲಿ ಹತ್ತು ಗಿಡಕ್ಕೆ ಹಾನಿ ಕಂಡರೆ ಹೊಡೆಯುವುದು, ಅದಕ್ಕಿಂತ ಕಡಿಮೆಯಿದ್ದರೆ ಕೈಯಲ್ಲಿ ಹೊಸಕಿ ಸುಮ್ಮನಿರುವುದು. ಬೀಜಕ್ಕೆ ಕಂಪನಿಯವರೇ ಕೀಟನಾಶಕದ ಲೇಪ ಕೊಟ್ಟಿದ್ದರಿಂದ ಮೊದಲ ಮೂರು ವಾರ ನಿಶ್ಚಿಂತೆಯಿತ್ತು. ನಂತರ ಒಮ್ಮೆ ಎಮಾಮೆಕ್ಟಿನ್ ಬೆಂಜೊಯೇಟ್, ಲೀಟರಿಗೆ 0.4 ಗ್ರಾಂ, ಸಂಜೆಯ ಹೊತ್ತು, ನಾಝಲ್ ಅನ್ನು ಸುಳಿಯ ಕಡೆಗೇ ಹಿಡಿದು ಹೊಡೆಸಿದೆ. ಹೊಡೆಯುವ ಹುಡುಗರು ಗಾಳಿಯಲ್ಲಿ ಬೀಸಿಕೊಂಡು ಬೇಗ ಬೇಗ ಸಾಲು ಮುಗಿಸುತ್ತಾರೆ. ಸುಳಿ ತುಂಬದ ಸಿಂಪಡಣೆಗೆ ಕೊಟ್ಟ ಹಣ ಮಣ್ಣಿಗೆ ಕೊಟ್ಟಂತೆ, ಆದ್ದರಿಂದ ಹಿಂದೆಯೇ ನಡೆಯಬೇಕಾಗುತ್ತದೆ. ಬಲಿತ ಹುಳುವಿಗೆ ವಿಷಪಾಷಾಣ ಮೇಲು: 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆಗೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ಹಾಕಿಕೊಂಡು ಸುಳಿಯಲ್ಲಿ ಚಿಟಿಕೆ ಚಿಟಿಕೆ ಇಡುವುದು. ಕೆಲಸ ನಿಧಾನ, ಆದರೆ ಹುಳು ತಾನಾಗಿ ಹೊರಬಂದು ತಿನ್ನುತ್ತದೆ. ಜುಲೈ ಕೊನೆಯಲ್ಲಿ ಬಿಡದೆ ಜಿಟಿಜಿಟಿ ಮಳೆಯಾದಾಗ ಬಿಳಿ ಬೂಸ್ಟು ಹತ್ತಿ ಎಲೆಗೆ ಅಂಟಿಕೊಂಡು ಸತ್ತ ಹುಳುಗಳೂ ಬಹಳ ಕಂಡವು. ನೊಮೂರಿಯಾ ಎಂದು ಕರೆಯುವ ಶಿಲೀಂಧ್ರದ ಕೆಲಸ ಅದು, ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಅದನ್ನು ಪುಡಿಯ ರೂಪದಲ್ಲಿ ಸಿಂಪಡಿಸಲೂ ಶಿಫಾರಸು ಮಾಡುತ್ತವೆ.

ಗುತ್ತಿಗೆ ಹೊಲಕ್ಕೆ ಹುಳುವಿಗಿಂತ ಹೆಚ್ಚು ಹೊಡೆತ ಕೊಟ್ಟದ್ದು ಕೇದಿಗೆ ರೋಗ, ಊರಿನ ಬಾಯಲ್ಲಿ ಬಿಳಿ ಸುಳಿ ರೋಗ. ತಡವಾಗಿ ಬಿತ್ತಿದ ಸಸಿ ಎರಡು ಮೂರು ವಾರದ್ದಿರುವಾಗ ಮೋಡ, ತಂಪು, ಬೆಳಗಿನ ಹೊತ್ತು ಎಲೆಯ ಮೇಲೆ ಆರದ ನೀರು, ಮೂರೂ ಒಟ್ಟಿಗೆ ಕೂಡಿ ಬಂದವು. ಎಲೆಗಳು ಬಿಳಿಚಿ ಕಿರಿದಾಗಿ ನೆಟ್ಟಗೆ ನಿಂತವು, ಬೆಳಗ್ಗೆ ಅಡಿಭಾಗವನ್ನು ತಿರುಗಿಸಿದರೆ ತೆಳ್ಳಗಿನ ಬಿಳಿ ತುಪ್ಪಟ ಕಾಣುತ್ತಿತ್ತು. ಹಾಗಾದ ಗಿಡ ತೆನೆ ಕಟ್ಟುವುದಿಲ್ಲ, ಕಟ್ಟಿದರೂ ಕಾಳಿರುವುದಿಲ್ಲ. ಕಂಡ ಕಂಡ ಗಿಡವನ್ನು ಕಿತ್ತು ಹೂಳಿಸಿದೆ, ಮೆಟಲಾಕ್ಸಿಲ್ ಇರುವ ಔಷಧ ಹೊಡೆಸಿದೆ, ಹರಡುವುದು ನಿಂತಿತು. ಕಿತ್ತ ಗಿಡದ ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು. ಹದಿನೈದು ಇಪ್ಪತ್ತು ದಿನ ಮೊದಲು ಬಿತ್ತಿದ ಸ್ವಂತ ಹೊಲದಲ್ಲಿ ಅದೇ ಮೋಡ ಮಳೆಗಳು ಮೊಣಕಾಲೆತ್ತರ ದಾಟಿದ ಬೆಳೆಯ ಮೇಲೆ ಬಿದ್ದದ್ದರಿಂದ ರೋಗ ಅಲ್ಲೊಂದು ಇಲ್ಲೊಂದು ಗಿಡಕ್ಕೆ ನಿಂತಿತು.

ಸೂಲಂಗಿಯ ಕಾಲದ ನೀರು ಎಂದೆನಲ್ಲ, ಅದರ ಬೆಲೆ ನನಗೆ ತಿಳಿದದ್ದು 2025ರಲ್ಲಿ ಅಲ್ಲ, 2023ರಲ್ಲಿ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬೆಳೆ ನೋಡಲು ಎದೆಯೆತ್ತರ ಇತ್ತು, ಹಸಿರೂ ಇತ್ತು, ರಸ್ತೆಯಿಂದ ನೋಡಿದವರು ಬರವೆಲ್ಲಿ ಎಂದು ಕೇಳುವಂತಿತ್ತು. ಮೆಕ್ಕೆಜೋಳದಲ್ಲಿ ಗಂಡು ಹೂವು ತಲೆಯ ಮೇಲಿನ ಸೂಲಂಗಿ, ಹೆಣ್ಣು ಹೂವು ನಡುವಿನ ತೆನೆ. ತೆನೆಯ ತುದಿಯಿಂದ ಇಳಿಬೀಳುವ ಕೂದಲಿನ ಪ್ರತಿ ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ನೀರು ಸಾಲದಿದ್ದರೆ ಸೂಲಂಗಿ ತನ್ನ ಹೊತ್ತಿಗೆ ಬಂದು ಪರಾಗದ ಪುಡಿ ಉದುರಿಸಿಬಿಡುತ್ತದೆ, ಕೂದಲು ಮಾತ್ರ ಹೊರಬರಲು ದಿನಗಟ್ಟಲೆ ತಡ ಮಾಡುತ್ತದೆ. ಅದು ಬಂದಾಗ ಪುಡಿ ಮುಗಿದಿರುತ್ತದೆ. ತೆನೆಯ ಬುಡದ ಎಳೆಗಳು ಮೊದಲು, ತುದಿಯವು ಕೊನೆಗೆ ಬರುವುದರಿಂದ ಬುಡದಲ್ಲಷ್ಟೇ ಕಾಳು ಕೂತು ತುದಿ ಬೋಳಾಗುತ್ತದೆ. 2023ರಲ್ಲಿ ನಮ್ಮ ತೆನೆಗಳೆಲ್ಲ ಹೀಗೆ ಅರ್ಧ ಬೋಳು. ಅಲ್ಲಿಂದೀಚೆಗೆ ಕೂದಲು ಬಂದ ವಾರಕ್ಕೆ ಕೆಲವು ತೆನೆಗಳನ್ನು ಮುರಿದು, ಹೊದಿಕೆಯನ್ನು ನಾಜೂಕಾಗಿ ಬಿಡಿಸಿ, ಮೆಲ್ಲಗೆ ಅಲುಗಾಡಿಸಿ ನೋಡುತ್ತೇನೆ. ಕಾಳು ಕಟ್ಟಿದ ಕಡೆಯ ಎಳೆ ಉದುರಿಬೀಳುತ್ತದೆ, ಕಟ್ಟದ ಕಡೆಯದು ಅಂಟಿಕೊಂಡೇ ಇರುತ್ತದೆ. ಕಾಳು ಎಷ್ಟು ಕಟ್ಟಿದೆಯೆಂದು ಕಟಾವಿಗೆ ಒಂದು ತಿಂಗಳಿಗೂ ಮುಂಚೆಯೇ ಗೊತ್ತಾಗುವ ಇಷ್ಟು ಸುಲಭದ ಪರೀಕ್ಷೆ ಬೇರೆ ಬೆಳೆಯಲ್ಲಿ ಇದ್ದಂತಿಲ್ಲ. 2025ರ ಆಶ್ಲೇಷದಲ್ಲಿ ಮಳೆ ಕೈಬಿಡಲಿಲ್ಲ. ಸ್ವಂತ ಹೊಲದ ತೆನೆಯಲ್ಲಿ ತುದಿಯವರೆಗೂ ಎಳೆ ಉದುರಿತು.

ಬೋರ್‌ವೆಲ್ ಇರುವವರು ಬೇಸಿಗೆಯಲ್ಲೂ ಬೆಳೆಯಬಹುದಲ್ಲ ಎಂದು ಕೇಳುತ್ತಾರೆ. ಬೆಳೆಯಬಹುದು, ಆದರೆ ನಮ್ಮ ಬಿಸಿಲಿಗೆ ಅದರದೇ ಲೆಕ್ಕವಿದೆ. ಉಷ್ಣಾಂಶ 35 ಡಿಗ್ರಿ ದಾಟಿದರೆ ಸೂಲಂಗಿಯ ಪುಡಿಯ ಜೀವ ಕುಂದುತ್ತದೆ. ಫೆಬ್ರವರಿಯಲ್ಲಿ ಬಿತ್ತಿದ್ದಕ್ಕೆ ಸೂಲಂಗಿ ಬರುವುದು ಏಪ್ರಿಲಿನ ಉರಿಯಲ್ಲಿ, ಆಗ ಕಾಲುವೆ ಹರಿಸಿದರೂ ಕಾಳು ಕಟ್ಟುವುದು ಅಷ್ಟಕ್ಕಷ್ಟೆ. ಡಿಸೆಂಬರಿನೊಳಗೆ ಬಿತ್ತಿ ಫೆಬ್ರವರಿಯಲ್ಲಿ ಹೂವು ಮುಗಿಸಿಕೊಳ್ಳುವವರಿಗೆ ಮಾತ್ರ ಆ ಬೆಳೆ ದಕ್ಕುತ್ತದೆ.

ಹಾಲುಗಾಳಿನ ಹೊತ್ತಿಗೆ ಗುಡ್ಡದ ಕಡೆಯ ಅಂಚಿಗೆ ಕಾಡುಹಂದಿ ಬಿದ್ದು ಒಂದಷ್ಟು ಸಾಲು ಮಲಗಿಸಿದವು. ಅದನ್ನು ಬರೆದು ಪ್ರಯೋಜನವಿಲ್ಲ; ಎಲ್ಲರಿಗೂ ಇರುವುದೇ.

ತೆನೆ ಬಲಿತಿದೆಯೇ ಎಂದು ತಿಳಿಯಲು ಹೊದಿಕೆ ಒಣಗಿದ್ದನ್ನಷ್ಟೇ ನೋಡಿದರೆ ಸಾಲದು. ಕಾಳನ್ನು ಬೆಂಡಿನಿಂದ ಬಿಡಿಸಿ ಅದರ ಬುಡವನ್ನು ಉಗುರಿನಿಂದ ಕೆರೆದರೆ ಕಪ್ಪು ಪದರ ಕಾಣಬೇಕು. ಅದು ಬಂದಿತೆಂದರೆ ಗಿಡದಿಂದ ಕಾಳಿಗೆ ಇನ್ನೇನೂ ಹರಿಯುವುದಿಲ್ಲ ಎಂದರ್ಥ, ಆದರೆ ಆ ಹೊತ್ತಿಗೂ ಕಾಳಿನಲ್ಲಿ ನೂರಕ್ಕೆ ಮೂವತ್ತರಷ್ಟು ನೀರಿರುತ್ತದೆ. ಮಾರುಕಟ್ಟೆ ಕೇಳುವುದು 14. ಈ ಮೂವತ್ತರಿಂದ ಹದಿನಾಲ್ಕಕ್ಕೆ ಇಳಿಸುವ ದಾರಿಯಲ್ಲಿ ಹಸ್ತ, ಚಿತ್ತೆ ಮಳೆಗಳು ನಿಂತಿರುತ್ತವೆ. ಗಿಡದಲ್ಲೇ ಒಣಗಲಿ ಎಂದು ಬಿಟ್ಟರೆ ನೆನೆದ ತೆನೆಯ ತುದಿಯಲ್ಲಿ ಮೊಳಕೆ ಒಡೆಯುತ್ತದೆ, ಬೂಸ್ಟು ಹಿಡಿಯುತ್ತದೆ. ಹಸಿಯಿರುವಾಗಲೇ ಮುರಿದು ಯಂತ್ರಕ್ಕೆ ಕೊಟ್ಟರೆ ಕಾಳು ಒಡೆಯುತ್ತದೆ, ಒಡೆದ ಕಾಳಿನಿಂದಲೇ ಬೂಸ್ಟು ಶುರುವಾಗುವುದು. ಕೋಳಿ ಆಹಾರದವರು ಬೂಸ್ಟಿಗೆ ಇಷ್ಟು ಹೆದರುವುದಕ್ಕೆ ಕಾರಣ ಅಫ್ಲಾಟಾಕ್ಸಿನ್ ಎಂಬ ವಿಷ. ಕಣ್ಣಿಗೆ ಹಸಿರು ಹಳದಿ ಪುಡಿಯಾಗಿ ಕಾಣುವ ಶಿಲೀಂಧ್ರ ಅದನ್ನು ತಯಾರಿಸುತ್ತದೆ, ಕಾಳನ್ನು ಆಮೇಲೆ ಎಷ್ಟು ಒಣಗಿಸಿದರೂ ಆ ವಿಷ ಹೋಗುವುದಿಲ್ಲ.

ನಾನು ಹಸ್ತ ಮಳೆ ಹೊಳವಾದ ಕೂಡಲೇ ತೆನೆ ಮುರಿಸಿ, ಹೊಲದಲ್ಲೇ ಎತ್ತರದ ಜಾಗದಲ್ಲಿ ತೆಳ್ಳಗೆ ಹರವಿಸಿ, ರಾತ್ರಿ ಮಾತ್ರ ತಾಡಪಾಲು ಹೊದಿಸಿದೆ. ಹಗಲೂ ತಾಡಪಾಲು ಹೊದಿಸಿಟ್ಟರೆ ಒಳಗೆ ಬೆವತು ಇನ್ನಷ್ಟು ಕೆಡುತ್ತದೆ. ತೆನೆಯ ರಾಶಿ ಬಿಸಿಲು ಕಂಡ ಮೇಲೆಯೇ ಒಕ್ಕಣೆ ಯಂತ್ರ ಕರೆಸಿದ್ದು. ಯಂತ್ರದ ಹಿಂದೆ ನಿಂತು ಬೆಂಡಿನ ಜೊತೆ ಕಾಳು ಹೋಗುತ್ತಿದೆಯೇ, ಕಾಳು ಹೆಚ್ಚು ಒಡೆಯುತ್ತಿದೆಯೇ ಎಂದು ನೋಡುತ್ತಿರಬೇಕು, ಯಂತ್ರದವರಿಗೆ ಬಾಡಿಗೆ ಚೀಲದ ಲೆಕ್ಕದಲ್ಲಿ ಇರುವುದರಿಂದ ವೇಗ ತಗ್ಗಿಸಲು ಅವರಾಗಿ ಒಪ್ಪುವುದಿಲ್ಲ. ಒಕ್ಕಿದ ಕಾಳನ್ನು ಊರಿನ ಸಿಮೆಂಟ್ ಕಣದಲ್ಲಿ ಪಾಳಿ ಹಿಡಿದು ಒಣಗಿಸಿದೆವು. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹರವುವವರು ಈಗಲೂ ಇದ್ದಾರೆ. ಡಾಂಬರಿನ ಕಾವಿಗೆ ಬೇಗ ಒಣಗುವುದು ನಿಜ, ರಾತ್ರಿ ಬೈಕಿನವರು ರಾಶಿಗೆ ಹತ್ತಿಸಿ ಬಿದ್ದದ್ದೂ ಅಷ್ಟೇ ನಿಜ. ಎಲ್ಲರಿಗೂ ಕಣ ಇಲ್ಲ ಎಂಬುದನ್ನು ಬಿಟ್ಟು ಆ ಅಭ್ಯಾಸಕ್ಕೆ ಬೇರೆ ಸಮರ್ಥನೆ ಇಲ್ಲ.

ತೇವಾಂಶ ಅಳೆಯಲು ಮನೆಯಲ್ಲಿ ನಾನು ಮಾಡುವುದು ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳಿಗೆ ಒಂದಷ್ಟು ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಬಿಡಬೇಕು. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ 15ಕ್ಕಿಂತ ಹೆಚ್ಚು, ಕೆಳಗೆ ಉದುರಿದರೆ ಮಾಲು ಸಿದ್ಧ. ಈ ಪರೀಕ್ಷೆ ಮಾಡಿಕೊಂಡೇ ಹೋದದ್ದರಿಂದ ಊರಿಗೆ ಖರೀದಿಗೆ ಬಂದ ವ್ಯಾಪಾರಿಯೊಬ್ಬರ ಮೀಟರಿನ ಮುಂದೆ ಧೈರ್ಯವಾಗಿ ನಿಲ್ಲಲು ಸಾಧ್ಯವಾಯಿತು.

“ಅಣ್ಣಾ, ಹದಿನೆಂಟು ತೋರಿಸ್ತೈತಿ. ಪಾಯಿಂಟಿಗೆ ಎರಡು ಕೆಜಿ ಕಡಿತೀವಿ.”

“ತಳದ ಚೀಲದ್ದು ತೆಗೆದು ಇನ್ನೊಮ್ಮೆ ಹಾಕ್ರಿ. ಬಿಸಿಲಿಗಿಟ್ಟ ಮೀಟರ್ ಅದು, ನೆರಳಿಗೆ ತಂದು ಹಾಕ್ರಿ.”

ನೆರಳಿಗೆ ತಂದು, ಮೂರು ಚೀಲದ ಕಾಳು ಬೆರೆಸಿ ಅಳೆದಾಗ ಹದಿನೈದು ಬಂತು. 14ರ ಮೇಲಿನ ತೇವದ ಪ್ರತಿ ಶೇಕಡಾ ಒಂದಕ್ಕೆ, ಎಂದರೆ ಪಾಯಿಂಟಿಗೆ, ಕ್ವಿಂಟಲಿನ ತೂಕದಲ್ಲಿ ಕಡಿಯುವ ಈ ಲೆಕ್ಕವನ್ನು ಪ್ರತಿ ಬೆಳೆಗಾರನೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. 20ರ ತೇವದ ಒಂದು ಕ್ವಿಂಟಲ್ ಕಾಳಿನಲ್ಲಿ ನೀರು ಬಿಟ್ಟು 80 ಕೆಜಿ ಒಣ ವಸ್ತು ಇರುತ್ತದೆ. ಅದನ್ನು 14ಕ್ಕೆ ಒಣಗಿಸಿದರೆ ತೂಕ ಸುಮಾರು 93 ಕೆಜಿಗೆ ನಿಲ್ಲುತ್ತದೆ, ಎಂದರೆ ಆರು ಪಾಯಿಂಟಿಗೆ ಏಳು ಕೆಜಿ. ಪಾಯಿಂಟಿಗೆ ಒಂದು ಕೆಜಿ ಕಡಿದರೆ ವ್ಯಾಪಾರಿ ಮೋಸ ಮಾಡಿದಂತಲ್ಲ, ಅವನೇ ಒಂದು ಕೆಜಿ ಬಿಟ್ಟುಕೊಟ್ಟಂತೆ. ಎರಡು ಕೆಜಿ ಕಡಿದರೆ ಮಾತ್ರ ಇಲ್ಲದ ನೀರಿಗೂ ನಾವು ದುಡ್ಡು ತೆತ್ತಂತೆ. ಹಾಗೆಯೇ, ಒಣ ಮಾಲಿಗೆ ಕ್ವಿಂಟಲಿಗೆ 1800 ಇರುವಾಗ 20ರ ತೇವದ ಹಸಿ ಮಾಲಿಗೆ 1674ಕ್ಕಿಂತ ಹೆಚ್ಚು ಕೊಟ್ಟರೆ ಹಸಿಯಾಗಿಯೇ ಕೊಡುವುದು ಲಾಭ, ಒಣಗಿಸುವ ಕೂಲಿಯೂ ಮಳೆಯ ಭಯವೂ ತಪ್ಪುತ್ತದೆ. ಒಣಗಿಸಿಯೇ ಮಾರಬೇಕೆಂಬುದು ಎಲ್ಲ ಸಲಕ್ಕೂ ಸತ್ಯವಲ್ಲ.

ಇಷ್ಟೆಲ್ಲ ಆದ ಮೇಲೆ ಬೆಲೆ. 2024–25ರಲ್ಲಿ 2225 ಇದ್ದ ಬೆಂಬಲ ಬೆಲೆಯನ್ನು ಕೇಂದ್ರ ಸರ್ಕಾರ 2025–26ಕ್ಕೆ ಕ್ವಿಂಟಲಿಗೆ 2400 ರೂಪಾಯಿ ಎಂದು ಘೋಷಿಸಿತ್ತು. ಹಿಂದಿನ ಎರಡು ವರ್ಷ ಪೇಟೆಯೂ ಚೆನ್ನಾಗಿಯೇ ಇತ್ತು, ಅದಕ್ಕೆ ಎಥನಾಲ್ ಒಂದು ದೊಡ್ಡ ಕಾರಣ. ಮೆಕ್ಕೆಜೋಳದ ಎಥನಾಲಿಗೆ ತೈಲ ಕಂಪನಿಗಳು ಕೊಡುವ ದರ 2024ರ ಆರಂಭದಲ್ಲಿ ಲೀಟರಿಗೆ 71 ರೂಪಾಯಿ 86 ಪೈಸೆಗೆ ಏರಿತ್ತು, ಒಂದು ಟನ್ ಕಾಳಿಗೆ 380 ಲೀಟರಿನ ಆಸುಪಾಸು ಬರುತ್ತದೆ. ಈ ಆಸೆಗೆ ಎಲ್ಲ ಕಡೆ ಬಿತ್ತನೆ ಹೆಚ್ಚಿತು. ಅತ್ತ ಆಹಾರ ನಿಗಮದ ಅಕ್ಕಿಯೂ ಕ್ವಿಂಟಲಿಗೆ 2250ರಂತೆ ಡಿಸ್ಟಿಲರಿಗಳಿಗೆ ಸಿಗುವಂತಾಯಿತು. ನವೆಂಬರಿನ ಹೊತ್ತಿಗೆ ರಾಜ್ಯದ ಪೇಟೆಗಳಲ್ಲಿ ಮೆಕ್ಕೆಜೋಳ 1600ರಿಂದ 1800ಕ್ಕೆ ಇಳಿದಿತ್ತು. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರಕ್ಕಾಗಿ ರೈತರು ಧರಣಿ ಕೂತರು, ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಭತ್ತ, ಗೋಧಿಗಳಂತೆ ಮೆಕ್ಕೆಜೋಳ ಪಡಿತರದಲ್ಲಿ ಹಂಚುವ ಧಾನ್ಯವಲ್ಲ. ಆದ್ದರಿಂದ ಬೆಂಬಲ ಬೆಲೆ ಘೋಷಣೆಯಾಗುತ್ತದೆ, ಕೊಳ್ಳುವ ಕೈ ಮಾತ್ರ ಸುಲಭಕ್ಕೆ ಮುಂದೆ ಬರುವುದಿಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ಕೋಳಿ ಮಾರಾಟ ಕುಸಿದು ಮೆಕ್ಕೆಜೋಳದ ಬೆಲೆ ಬಿದ್ದಾಗ ರಾಜ್ಯ ಸರ್ಕಾರ ತಲಾ 5000 ರೂಪಾಯಿ ನೆರವು ಘೋಷಿಸಿದ್ದು ನೆನಪಾಯಿತು. ಖರೀದಿಯ ಬದಲು ಪರಿಹಾರ ಎಂಬುದು ಈ ಬೆಳೆಯ ಹಣೆಬರಹವಾಗಬಾರದು ಎಂಬುದು ನನ್ನ ಅಭಿಪ್ರಾಯ.

ನನ್ನ ಲೆಕ್ಕ ಹೀಗಿದೆ. ಸ್ವಂತ ಹೊಲದಲ್ಲಿ ಎಕರೆಗೆ 22 ಕ್ವಿಂಟಲ್ ಬಂತು, ಖರ್ಚು 22,000 ರೂಪಾಯಿ ಹತ್ತಿರ. 1750ರ ಸರಾಸರಿಯಲ್ಲಿ ಕೈಗೆ ಬಂದದ್ದು 38,500. ಖರ್ಚು ಕಳೆದು 16,500 ಉಳಿಯಿತು, ಅದರಲ್ಲಿ ಮನೆಯವರ ದುಡಿಮೆಗೆ ಕೂಲಿ ಹಾಕಿಲ್ಲ. ಬೆಂಬಲ ಬೆಲೆಯೇ ಸಿಕ್ಕಿದ್ದರೆ ಅದು 30,000 ದಾಟುತ್ತಿತ್ತು. ಗುತ್ತಿಗೆ ಹೊಲದಲ್ಲಿ ಬಂದದ್ದು ಎಕರೆಗೆ 15 ಕ್ವಿಂಟಲ್. ಗೊಬ್ಬರ ತಡವಾದದ್ದೂ ಬಿಳಿ ಸುಳಿಯೂ ಸೇರಿ ಏಳು ಕ್ವಿಂಟಲ್ ತಿಂದಿದ್ದವು. 26,250 ರೂಪಾಯಿಯಲ್ಲಿ ಬೇಸಾಯದ ಖರ್ಚು ತೆಗೆದರೆ ಗುತ್ತಿಗೆ ಹಣಕ್ಕೆ ಕೈಯಿಂದ ಸೇರಿಸಿ ಕೊಡಬೇಕಾಯಿತು. ಎಕರೆಗೆ 20 ಕ್ವಿಂಟಲ್ ಕೆಳಗೆ ಬಿದ್ದರೆ ಈ ಬೆಲೆಯಲ್ಲಿ ಗುತ್ತಿಗೆ ಭೂಮಿಯ ಮೆಕ್ಕೆಜೋಳ ನಿಲ್ಲುವುದಿಲ್ಲ.

ಬೀಜ ಗೊಬ್ಬರವನ್ನು ದಲಾಲರಲ್ಲಿ ಉದ್ರಿ ತಂದವರಿಗೆ ಮಾರುವ ದಿನ ಆರಿಸುವ ಸ್ವಾತಂತ್ರ್ಯವೂ ಇರುವುದಿಲ್ಲ, ಕಾಳು ಒಕ್ಕಿದ ವಾರವೇ ಅವರ ಅಂಗಡಿಗೆ ಇಳಿಸಬೇಕು. ನಾನು ಸೊಸೈಟಿಯ ಬೆಳೆ ಸಾಲದಲ್ಲಿ ನಡೆಸಿದ್ದರಿಂದ ಮಾಲಿನ ಒಂದು ಪಾಲನ್ನು 13ರ ತೇವಕ್ಕೆ ಒಣಗಿಸಿ ಮನೆಯಲ್ಲಿ ಇಡಲು ಆಯಿತು. ಬೆಂಬಲ ಬೆಲೆಯ ಖರೀದಿ ಎಲ್ಲಿಯಾದರೂ ತೆರೆದರೆ ನೋಂದಣಿಗೆ ಫ್ರೂಟ್ಸ್ ಸಂಖ್ಯೆ, ಎಂದರೆ ರಾಜ್ಯ ಸರ್ಕಾರದ ರೈತ ನೋಂದಣಿಯ ಗುರುತಿನ ಸಂಖ್ಯೆ, ಬೇಕು, ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿನ ಮುಂದೆ ಮೆಕ್ಕೆಜೋಳವೆಂದೇ ದಾಖಲಾಗಿರಬೇಕು. ಇವೆರಡನ್ನೂ ಆಗಸ್ಟಿನಲ್ಲೇ ನೋಡಿಕೊಂಡಿದ್ದೆ. ಗುತ್ತಿಗೆ ಹೊಲದ ಸಮೀಕ್ಷೆ ಹೊಲದ ಒಡೆಯರ ಹೆಸರಿನಲ್ಲೇ ಇರುವುದರಿಂದ ಅಲ್ಲಿನ ಬೆಳೆಗೆ ಆ ದಾರಿಯೂ ಇಲ್ಲ, ವಿಮೆಯೂ ಸುಲಭವಲ್ಲ.

2026ರ ಮುಂಗಾರಿಗೆ ಆ ಗುತ್ತಿಗೆ ಹೊಲವನ್ನು ಬಿಟ್ಟುಕೊಟ್ಟಿದ್ದೇನೆ. ಸ್ವಂತ ಹೊಲದ ಅರ್ಧಕ್ಕೆ ಶೇಂಗಾ, ಇನ್ನರ್ಧಕ್ಕೆ ಮತ್ತೆ ಮೆಕ್ಕೆಜೋಳ, ತೊಗರಿಯ ಅಕ್ಕಡಿ ಸಾಲುಗಳನ್ನು ಈಗಿನದಕ್ಕಿಂತ ಹತ್ತಿರ ಹತ್ತಿರ. 2025ರ ಮುಂಗಾರಿನ ತೊಗರಿ ಕೊಯ್ಲಿಗೆ ಬರುವುದು ಜನವರಿಯಲ್ಲಿ, ಅದರ ಹಣವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.